ಇಸ್ತ್ರಿ ಹಾಕಿದ ಚೀಟಿ

ಮೇಲೆ ಹೊದಿಸಿದ್ದ ತೆಳು ಬಟ್ಟೆಯನ್ನು ಎತ್ತಿ ನೋಡಿದರೆ ಚೀಟಿ ಕಪ್ಪಗಾಗಿತ್ತು.

ಸುಟ್ಟಿರಲಿಲ್ಲ. ಸುಟ್ಟಿದ್ದರೆ ವಾಸನೆ ಬರಬೇಕಿತ್ತು, ಅಂಚು ಮುರುಟಬೇಕಿತ್ತು. ಇಪ್ಪತ್ತೊಂಬತ್ತು ವರ್ಷದಿಂದ ಇಸ್ತ್ರಿ ಪೆಟ್ಟಿಗೆ ಹಿಡಿದವನಿಗೆ ಸುಡುವುದೆಂದರೆ ಏನೆಂದು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಚೀಟಿ ನೀಟಾಗಿ, ಒಂದೇ ಒಂದು ಸುಕ್ಕಿಲ್ಲದೆ ಮೇಜಿನ ಮೇಲೆ ಮಲಗಿತ್ತು. ಅದರ ಮೇಲಿದ್ದ ಅಕ್ಷರ, ಅಂಕಿ, ಗೀಟು, ಮುದ್ರೆ ಮಾತ್ರ ಒಂದೂ ಕಾಣಿಸುತ್ತಿರಲಿಲ್ಲ. ಈ ಅಂಚಿನಿಂದ ಆ ಅಂಚಿನವರೆಗೆ ಬರೀ ಕಪ್ಪು. ಅವನು ಅದನ್ನು ಎತ್ತಿ ಊದಿದ, ಅಂಗಿಯ ತೋಳಿಗೆ ಮೆಲ್ಲಗೆ ಒರೆಸಿದ, ಮತ್ತೆ ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಕಾದ. ಬಿಸಿ ಆರಿದರೆ ಸರಿಹೋದೀತು ಎಂದುಕೊಂಡಿದ್ದ, ಪಾಪ.

"ಏನ್ರೀ, ನಿಂತಲ್ಲೇ ನಿಂತುಬಿಟ್ರಿ?" ಹೆಂಡತಿ ಒಣಗಿದ ಬಟ್ಟೆಯ ಹೊರೆ ಹೊತ್ತುಕೊಂಡು ಹಿಂದಿನ ಬಾಗಿಲಿನಿಂದ ಬಂದಳು. ಮನೆಗೂ ಅಂಗಡಿಗೂ ನಡುವೆ ಇದ್ದದ್ದು ಆ ಬಾಗಿಲೊಂದೇ.

"ನಮ್ಮ ಹರಳಿನ ಚೀಟಿ ಕಣೇ."

"ಯಾವ ಚೀಟಿ?"

"ಯೂನಿವರ್ಸಿಟಿದು."

ಹೆಂಡತಿ ಹೊರೆ ಇಳಿಸಲಿಲ್ಲ. ಹೊತ್ತುಕೊಂಡೇ ಹತ್ತಿರ ಬಂದು ಬಗ್ಗಿ ನೋಡಿದಳು. "ಇದರಲ್ಲಿ ಏನೂ ಇಲ್ವಲ್ರೀ."

"ಇತ್ತು. ಈಗ ತಾನೇ ಇತ್ತು," ಎಂದ ಗರಿಗರಿ.

ಬೀದಿಯವರು ಅವನಿಗೆ ಆ ಹೆಸರಿಟ್ಟು ಎಷ್ಟು ಕಾಲವಾಗಿತ್ತೆಂದರೆ, ನಿಜವಾದ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಸುಕ್ಕು ಕಂಡರೆ ಆಗದ ಮನುಷ್ಯ. ಬಟ್ಟೆಯದೇನೋ ಸರಿ, ಅದು ಹೊಟ್ಟೆಪಾಡು. ಇವನು ದಿನಪತ್ರಿಕೆಯನ್ನೂ ಬಿಡುತ್ತಿರಲಿಲ್ಲ. ಮಗಳು ಒಂದನೇ ತರಗತಿಯಿಂದ ತಂದ ಒಂದೊಂದು ಅಂಕಪಟ್ಟಿಯೂ ಮೊದಲು ಈ ಮೇಜಿನ ಮೇಲೆ ಮಲಗೆದ್ದು, ಆಮೇಲೆ ಅಪ್ಪನ ರುಜು ಹಾಕಿಸಿಕೊಂಡು ಶಾಲೆಗೆ ವಾಪಸು ಹೋಗುತ್ತಿತ್ತು. "ನಿನ್ನ ಅಂಕಪಟ್ಟಿ ಮಾತ್ರ ಹೇಗಮ್ಮ ಯಾವಾಗಲೂ ಬೆಚ್ಚಗಿರುತ್ತೆ?" ಎಂದು ಟೀಚರು ನಗುತ್ತಿದ್ದರಂತೆ. ಶಭಾಸ್ ಗಿಭಾಸ್ ಎಲ್ಲ ಅವನ ಬಾಯಲ್ಲಿ ಬರುವಂಥದ್ದಲ್ಲ. ಇಸ್ತ್ರಿ ಹಾಕಿ ಕೊಟ್ಟನೆಂದರೆ ಆಯಿತು, ಅದರಲ್ಲೇ ಎಲ್ಲ ಬಂತು. ಮಗಳಿಗೂ ಅದು ಗೊತ್ತಿತ್ತು.

ಈ ಚೀಟಿ ಅವಳ ನೋಟ್‌ಬುಕ್ಕಿನಲ್ಲಿ ನಾಲ್ಕು ಮಡಿಕೆಯಾಗಿ ಸಿಕ್ಕಿತ್ತು. ನಾಳೆ ಸಂಜೆಯೇ ಕೊನೆಯ ಗಡುವು ಎಂದು ಮನೆಯಲ್ಲಿ ವಾರದಿಂದ ಮಾತು ನಡೆದಿತ್ತು. ಇದನ್ನು ನಾಳೆ ಯಾರೋ ದೊಡ್ಡ ಅಧಿಕಾರಿಯ ಕೈಗೆ ಕೊಡಬೇಕೇನೋ, ಇಸ್ತ್ರಿಯವನ ಮಗಳು ಹೀಗೆ ಮುದುರಿದ ಕಾಗದ ಕೊಡುವುದೇ ಎಂದುಕೊಂಡ. ಕಾಗದ ಯಾಕೋ ನುಣುಪಾಗಿತ್ತು. ಹಾಗಾಗಿ ಬಿಸಿಯನ್ನು ರೇಷ್ಮೆಗೆ ಇಡುವಷ್ಟಕ್ಕೆ ಇಳಿಸಿ, ಮೇಲೊಂದು ತೆಳು ಬಟ್ಟೆ ಹೊದಿಸಿ, ಎರಡೇ ಎರಡು ಸಲ ಮೆಲ್ಲಗೆ ಎಳೆದಿದ್ದ. ರೇಷ್ಮೆಗೂ ಅಷ್ಟು ಮುತುವರ್ಜಿ ತೋರಿದವನಲ್ಲ. ದೊಡ್ಡ ಅಂಗಡಿಗಳಲ್ಲಿ ಯಂತ್ರದಿಂದ ಹೊರಬರುವ ಬಿಲ್ಲಿನ ಕಾಗದ ಅದು, ಅದರ ಮೇಲಿನ ಅಕ್ಷರಕ್ಕೆ ಶಾಯಿಯೇ ಬೇಕಿಲ್ಲ, ಬಿಸಿ ತಗುಲಿದ ಕಡೆಯೆಲ್ಲ ಕಪ್ಪಾಗುವುದೇ ಅದರ ಗುಣ ಎಂದು ಇವನಿಗೆ ಯಾರು ಹೇಳಬೇಕು?

ಮಗಳು ನಾಲ್ಕು ಗಂಟೆಗೆ ಲೈಬ್ರರಿಯಿಂದ ಬಂದಳು. ಚಿಕ್ಕಂದಿನಲ್ಲಿ ಬೀದಿಯ ಕಲ್ಲನ್ನೆಲ್ಲ ಜೇಬಿಗೆ ತುಂಬಿಕೊಂಡು ಬರುತ್ತಿದ್ದಳು. ಲಂಗಕ್ಕೆ ಇಸ್ತ್ರಿ ಹಾಕುವಾಗ ಪೆಟ್ಟಿಗೆಗೆ ಕಟಕ್ಕೆಂದು ಹರಳು ಸಿಗುತ್ತಿತ್ತು, ಅದೇ ಅವಳ ಹೆಸರಾಯಿತು. ಈಗ ಹದಿನೆಂಟಕ್ಕೂ ಕಲ್ಲಿನ ಹುಚ್ಚು ಬಿಟ್ಟಿರಲಿಲ್ಲ. ಕಲ್ಲು, ಮಣ್ಣು, ಬೆಟ್ಟ ಹುಟ್ಟಿದ ಬಗೆ, ಇವನ್ನೇ ಪದವಿಗೆ ಓದಬೇಕೆಂದು ಅರ್ಜಿ ಹಾಕಿ, ಒಂದು ರಾತ್ರಿ ಅರ್ಧ ಹಗಲು ರೈಲಿನಲ್ಲಿ ಹೋಗಿ ಪರೀಕ್ಷೆ ಬರೆದು ಬಂದಿದ್ದಳು. ಸೀಟು ಸಿಕ್ಕಿದೆ ಎಂದು ಹೋದ ವಾರ ತಿಳಿದಿತ್ತು.

ಚೀಟಿ ನೋಡಿ ಅವಳು ಕೂಗಾಡಲಿಲ್ಲ. ಅದನ್ನು ಬಾಗಿಲ ಬೆಳಕಿಗೆ ಹಿಡಿದಳು, ಓರೆ ಮಾಡಿದಳು, ಕಣ್ಣಿನ ಹತ್ತಿರ ತಂದಳು. ಆಮೇಲೆ ಮೇಜಿನ ಮೇಲಿಟ್ಟಳು.

"ಅದರಲ್ಲಿದ್ದದ್ದು ಬೇರೆ ಕಡೆ ಬರ್ಕೊಂಡಿಲ್ವೇನೇ?" ಎಂದಳು ತಾಯಿ.

"ಅರ್ಜಿ ನಂಬರ್ ಬರ್ಕೊಂಡಿದೀನಮ್ಮ. ಕೆಳಗೆ ಎಂಟು ಅಂಕಿದು ಇನ್ನೊಂದಿತ್ತು, ಗುಟ್ಟಿನ ನಂಬರ್. ಅದನ್ನ ಪರೀಕ್ಷೆ ದಿನ ಅಲ್ಲಿ ಕೂತಿದ್ದ ಹೆಂಗಸು ಕಪ್ಪು ಪೆನ್ನು ಹಿಡಿದು ಕೈಯಲ್ಲೇ ಬರೆದುಕೊಟ್ರು, ಕಾಗದ ಹರಿದುಹೋಗೋ ಹಾಗೆ ಒತ್ತಿ ಒತ್ತಿ. ಯಾರಿಗೂ ತೋರಿಸಬೇಡ, ಎಲ್ಲೂ ಬರೆದಿಡಬೇಡ ಅಂದ್ರು. ನಾನು ಬರೆದಿಡಲಿಲ್ಲ." ಅವಳು ಚೀಟಿಯ ಕೆಳಗಿನ ಅಂಚಿನ ಮೇಲೆ ಬೆರಳಿಟ್ಟಳು. "ಆ ನಂಬರ್ ಹಾಕಿ, 'ಬರ್ತೀನಿ' ಅಂತ ಒಪ್ಪಿಗೆ ಕೊಡಬೇಕು. ಫೋನಲ್ಲೇ ಆಗುತ್ತೆ. ನಾಳೆ ಸಂಜೆ ಐದರೊಳಗೆ. ಇಲ್ದಿದ್ರೆ ಸೀಟು ಮುಂದಿನವರಿಗೆ ಹೋಗುತ್ತೆ."

ಫೋನಲ್ಲೇ ಆಗುತ್ತೆ. ಹಾಗಾದರೆ ಚೀಟಿಯನ್ನು ಯಾವ ಅಧಿಕಾರಿಯೂ ನೋಡುವವನಿರಲಿಲ್ಲ. 

ಯೂನಿವರ್ಸಿಟಿಗೆ ಫೋನು ಮಾಡಿದರು. ಆರನೇ ಸಲಕ್ಕೆ ಒಬ್ಬಳು ಎತ್ತಿಕೊಂಡಳು. ಅವಳದೂ ತಪ್ಪಲ್ಲ, ದಿನವಿಡೀ ಇಂಥವನ್ನೇ ಕೇಳಿ ಸುಸ್ತಾದ ಗಂಟಲು. ಹೊಸ ನಂಬರು ಬೇಕಾದರೆ ಖುದ್ದಾಗಿ ಬರಬೇಕು, ಮೂರು ದಿನ ಹಿಡಿಯುತ್ತದೆ, ಗಡುವು ಮುಂದೆ ಹಾಕುವುದು ತಮ್ಮ ಕೈಯಲ್ಲಿಲ್ಲ ಎಂದಳು. ಹರಳು "ಆಯ್ತು ಮೇಡಂ" ಎಂದು ಫೋನು ಇಟ್ಟಳು.

"ಇಷ್ಟು ದಿನ ಯಾಕೆ ಇಟ್ಕೊಂಡು ಕೂತಿದ್ದೆ?" ತಾಯಿಗೆ ಸಿಟ್ಟು ಬಂದಿತ್ತು. "ಸೀಟು ಬಂದ ದಿನಾನೇ ಒತ್ತಿ ಬಿಸಾಕಬಾರದಿತ್ತಾ?"

"ಅಪ್ಪ ಹೂಂ ಅನ್ಲಿ ಅಂತ ಕಾಯ್ತಿದ್ದೆ."

ಅವನು ಹೂಂ ಎಂದಿರಲಿಲ್ಲ ನಿಜ. ಊಹೂಂ ಎಂದೂ ಅಂದಿರಲಿಲ್ಲ. ಅವಳು ಕೇಳಿದಾಗಲೆಲ್ಲ, "ಕಲ್ಲು ಓದೋಕೆ ಅಷ್ಟು ದೂರ ಹೋಗ್ಬೇಕೇನೇ, ಬಾಗಿಲಲ್ಲೇ ಬಿದ್ದಿದಾವಲ್ಲ" ಎಂದು ತಮಾಷೆ ಮಾಡಿ ಜಾರಿಕೊಂಡಿದ್ದ. ಒಂದು ದಿನ ಮಾತ್ರ, "ಇಲ್ಲಿರೋ ಕಾಲೇಜಿಗೇನು ರೋಗ?" ಎಂದು ಬಾಯಿ ಬಿಟ್ಟಿದ್ದ. ಹರಳು ಆ ಮಾತನ್ನು ಮರೆತಿರಲಿಲ್ಲ.

"ಅಪ್ಪ," ಎಂದಳು ಮೆಲ್ಲಗೆ, "ನೀನು ಬೇಕಂತ ಮಾಡಿದ್ದಲ್ಲ, ಅಲ್ವಾ?"

ಥಟ್ಟನೆ ಅಲ್ಲ ಎನ್ನಬೇಕಿತ್ತು. ಅಲ್ಲವೇ ಅಲ್ಲ. ನೋಟ್‌ಬುಕ್ಕಿನಿಂದ ಚೀಟಿ ತೆಗೆದಾಗ ಅವನು ಕೊನೆಗೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಸಂಜೆ ಅವಳು ಬಂದಾಗ ಸುಕ್ಕಿಲ್ಲದ ಚೀಟಿಯನ್ನು ಅವಳ ಕೈಗಿಡುವುದು, ಅದೇ ತನ್ನ ಹೂಂ ಎಂದು ಅವಳು ತಿಳಿದುಕೊಳ್ಳುವುದು, ಇಷ್ಟೇ ಲೆಕ್ಕಾಚಾರ. ಅದನ್ನೆಲ್ಲ ಈಗ ಯಾವ ಬಾಯಲ್ಲಿ ಹೇಳುವುದು? ಅವನು ಮಾತು ಹುಡುಕುತ್ತಿರುವಾಗಲೇ ಹರಳು ಚಪ್ಪಲಿ ಬಿಟ್ಟು ಒಳಗೆ ಹೋಗಿಬಿಟ್ಟಳು.

ದಿನಾ ಸಂಜೆ ಅವನು ಕೊನೆಯ ಗಂಟು ಬಟ್ಟೆ ಮುಗಿಸುವಾಗ ಹರಳು ಮೂಟೆಗಳ ಮೇಲೆ ಕಾಲು ಇಳಿಬಿಟ್ಟು ಕೂತು ಪತ್ರಿಕೆ ಓದಿ ಹೇಳುತ್ತಿದ್ದಳು. ಅವನಿಗೆ ಓದಲು ಬಾರದೆಂದಲ್ಲ. ಕೈ ಬಿಡುವಿಲ್ಲ, ಜತೆಗೆ ಅವಳು ಓದುತ್ತಿದ್ದ ರೀತಿ ಬೇರೆ. ಮಂತ್ರಿಗಳ ಮಾತಿಗೆ ಮಂತ್ರಿಗಳ ದನಿ, ಹವಾಮಾನಕ್ಕೆ ಜ್ವರ ಬಂದವರ ದನಿ. ನಕ್ಕು ನಕ್ಕು ಕಾಲರು ಸೊಟ್ಟಗಾಗುತ್ತಿತ್ತು. ಆ ಸಂಜೆ ಪತ್ರಿಕೆ ಇಸ್ತ್ರಿ ಹಾಕಿಸಿಕೊಂಡು ಮಡಿಕೆ ಬಿಚ್ಚದೆ ಮೂಟೆಯ ಮೇಲೇ ಉಳಿಯಿತು. ಒಂದು ಕಾಲು ಗಿಡ್ಡವಿದ್ದ ಮೇಜು, ಅವನು ಪೆಟ್ಟಿಗೆ ಎಳೆದಾಗಲೆಲ್ಲ ಟಕ್ ಟಕ್ ಎನ್ನುತ್ತಿತ್ತು. ಅದರ ಕಾಲಿಗೊಂದು ಒತ್ತು ಕೊಡಬೇಕೆಂದು ಹನ್ನೊಂದು ವರ್ಷದಿಂದ ಹೇಳುತ್ತಲೇ ಇದ್ದ. ಅವಳ ಓದಿನ ಗದ್ದಲದಲ್ಲಿ ಆ ಸದ್ದು ಇಷ್ಟು ಜೋರೆಂದು ಗೊತ್ತಾಗಿರಲಿಲ್ಲ.

ಬೆಳಿಗ್ಗೆ ಹರಳು ತಲೆ ಬಾಚಿಕೊಂಡು ಹೊರಟು ನಿಂತಿದ್ದಳು.

"ಇಲ್ಲಿನ ಕಾಲೇಜಿಗೆ ಹೋಗಿ ಅರ್ಜಿ ತರ್ತೀನಮ್ಮ. ಅಲ್ಲೂ ಇನ್ನೆರಡೇ ದಿನ ಇರೋದು."

"ಅಲ್ಲಿ ಕಲ್ಲು ಕಲಿಸ್ತಾರಾ?"

"ಇಲ್ಲ. ಬೇರೆ ಏನಾದ್ರೂ ತಗೋತೀನಿ."

ತಾಯಿ ಗಂಡನ ಮುಖ ನೋಡಿದಳು. ಗಂಡ ಅಂಗಿಯ ಗುಂಡಿ ನೋಡಿದ.

ಹತ್ತು ಗಂಟೆಗೆ ಲಾಯರಮ್ಮ ಬಂದರು. ಕೋರ್ಟಿಗೆ ಹೊತ್ತಾಗಿತ್ತು. ಮೊಳೆಯಲ್ಲಿ ಮೂರು ಕಪ್ಪು ಕೋಟು ನೇತಾಡುತ್ತಿದ್ದವು.

"ಮೂರೂ ಒಂದೇ ಥರ ಇದಾವಲ್ಲಪ್ಪ. ನನ್ನದು ಯಾವುದು?"

"ಒಂದ್ನಿಮಿಷ ಮೇಡಂ."

ಪ್ರತಿ ಮನೆಯ ಬಟ್ಟೆಗೂ ಅವನದೊಂದು ಗುರುತು ಇರುತ್ತಿತ್ತು, ಕಾಲರಿನ ಹತ್ತಿರ ಅಳಿಸಲಾರದ ಮಸಿಯಲ್ಲಿ ಒಂದು ಅಂಕಿ. ಕಪ್ಪು ಬಟ್ಟೆಯ ಮೇಲೆ ಅದು ಎಲ್ಲಿ ಕಾಣಬೇಕು? ಅವನು ಕೋಟನ್ನು ತಿರುವಿ, ಬಿಳಿಯ ಅಸ್ತರಿಗೆ ಇಳಿದಿದ್ದ ಮಸಿಯನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿದ. ಹಿಂದಿನಿಂದ ನೋಡಿದರೆ ಅಂಕಿಗಳು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರುತ್ತವೆ. ಅವನಿಗೆ ಅದೇ ರೂಢಿ. ನೆಟ್ಟಗಿರುವ ಅಂಕಿಗಿಂತ ಉಲ್ಟಾ ಅಂಕಿಯನ್ನೇ ಬೇಗ ಓದುತ್ತಿದ್ದ.

"ಇದು ನಿಮ್ದು. ಕಪ್ಪು ಬಟ್ಟೆ ಗುರುತು ಎದುರಿಗೆ ಹುಡುಕಬಾರದು ಮೇಡಂ, ತಿರುವಿ ಹಾಕಬೇಕು," ಎಂದ. ಯಾವಾಗಲೂ ಹೇಳುವ ಮಾತೇ. ಇನ್ನೂ ನೂರು ಜನಕ್ಕೆ ಹೇಳಿದ್ದ.

ಲಾಯರಮ್ಮ ಬೀದಿ ದಾಟಿರಲಿಲ್ಲ, ಆ ಮಾತು ಅವನಿಗೇ ತಗುಲಿತು. ಮೇಜಿನ ಡ್ರಾಯರಿನಿಂದ ಚೀಟಿ ತೆಗೆದು ಮಗುಚಿದ. ಹಿಂಭಾಗ ಅಷ್ಟಾಗಿ ಕೆಟ್ಟಿರಲಿಲ್ಲ, ಕೊಳೆಯಾದ ಬಿಳಿ ಅಷ್ಟೇ. ಹೆಬ್ಬೆರಳು ಸವರಿದ. ಕೆಳಗಿನ ಅಂಚಿನಲ್ಲಿ ತೀರ ಸಣ್ಣಗೆ ಏನೋ ತಡೆಯಿತು. ಒತ್ತಿ ಒತ್ತಿ ಬರೆದಿದ್ದಳಲ್ಲ ಆ ಪುಣ್ಯಾತ್ಗಿತ್ತಿ.

ಪೆನ್ಸಿಲನ್ನು ಅಡ್ಡ ಹಿಡಿದು, ಉಸಿರು ಬಿಗಿಹಿಡಿದು ಉಜ್ಜತೊಡಗಿದ. ಉಬ್ಬಿದ ಕಡೆ ಗೀಟು ದಟ್ಟವಾಗಿ ಕೂತಿತು. ಮೊದಲು ಒಂದು ಸೊನ್ನೆ. ಆಮೇಲೆ ಉಲ್ಟಾ ಏಳು. ನಾಲ್ಕು, ಎರಡು. ಅವನಿಗೆ ಕನ್ನಡಿ ಬೇಕಾಗಲಿಲ್ಲ. ಎಂಟೂ ಅಂಕಿ ಒಂದೊಂದಾಗಿ ಎದ್ದು ಬಂದವು.

ಹತ್ತೂ ಇಪ್ಪತ್ತಾಗಿತ್ತು. ಹೆಂಡತಿಯನ್ನು ಕೂಗಬೇಕಿತ್ತು. ಕಾಲೇಜು ಅಲ್ಲೇ ನಾಲ್ಕು ಬೀದಿ ಆಚೆ, ಬಾಗಿಲೆಳೆದುಕೊಂಡು ಓಡಬೇಕಿತ್ತು. ಗರಿಗರಿ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಒಂದು ಅಂಗಿ ಎಳೆದುಕೊಂಡ.

ಹೇಳದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಆಗಿದ್ದು ಆಗಿಹೋಗಿದೆ, ರಾತ್ರಿ ಅತ್ತಿದ್ದೂ ಆಗಿದೆ, ಅವಳೇ ತನ್ನ ಕಾಲಿನಲ್ಲಿ ನಡೆದುಕೊಂಡು ಇಲ್ಲಿನ ಕಾಲೇಜಿಗೆ ಹೋಗಿದ್ದಾಳೆ. ಬೆಳಿಗ್ಗೆ ಹೋಗಿ ಸಂಜೆ ಬರುತ್ತಾಳೆ. ಮೂಟೆಯ ಮೇಲೆ ಕೂತು ಪತ್ರಿಕೆ ಓದುತ್ತಾಳೆ. ತಾನು ಮಾಡಿದ ತಪ್ಪೇನು, ಪ್ರೀತಿಯಿಂದ ಇಸ್ತ್ರಿ ಹಾಕಿದ್ದು ತಾನೇ? ಒಂದು ಅಂಗಿ ಮುಗಿಯಿತು. ಎರಡಾಯಿತು. ಹನ್ನೊಂದು ಹೊಡೆಯಿತು. ಹೆಂಡತಿ ಟೀ ತಂದಿಟ್ಟು, "ಮುಖ ಯಾಕೆ ಹಂಗಿದೆ?" ಎಂದಳು. "ಸೆಕೆ," ಎಂದ. ಒಂಬತ್ತು ಅಂಗಿಯಾಗುವ ಹೊತ್ತಿಗೆ ಟೀ ಆರಿ ಕೆನೆ ಕಟ್ಟಿತ್ತು. ಜೇಬಿನಲ್ಲಿ ಒಂದು ತುಂಡು ಕಾಗದ, ಅದರ ಭಾರಕ್ಕೆ ಹೆಗಲು ಜಗ್ಗುತ್ತಿತ್ತು. ಬೇಡವೆಂದರೂ ಆ ಎಂಟು ಅಂಕಿ ಅವನಿಗೆ ಬಾಯಿಪಾಠವಾಗಿಬಿಟ್ಟಿದ್ದವು.

ಒಂದು ಗಂಟೆಗೆ ಹರಳು ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಕೈಯಲ್ಲಿ ಕಾಲೇಜಿನ ಅರ್ಜಿ ಸುರುಳಿ ಸುತ್ತಿಕೊಂಡಿತ್ತು. ನೇರ ಮೇಜಿನ ಹತ್ತಿರ ಬಂದು ಅದನ್ನು ಬಿಡಿಸಿ ಅವನ ಮುಂದಿಟ್ಟಳು.

"ಅಪ್ಪ, ಇದಕ್ಕೊಂದು ಇಸ್ತ್ರಿ ಹಾಕಿಕೊಡ್ತೀಯಾ?"

ಚುಚ್ಚುಮಾತೇನೋ ಎಂದು ಅವನು ತಲೆ ಎತ್ತಿ ನೋಡಿದ. ಅಲ್ಲ. ಅವಳ ಮುಖದಲ್ಲಿ ಅದೇನೂ ಇರಲಿಲ್ಲ.

"ಇದು ಮಾಮೂಲಿ ಕಾಗದಾನೇ, ನೋಡಿದೀನಿ," ಎಂದು ಸ್ವಲ್ಪ ನಕ್ಕಳು. ಆಮೇಲೆ ಮೇಜಿನ ಅಂಚನ್ನು ಉಗುರಿನಲ್ಲಿ ಕೆರೆಯುತ್ತಾ, "ನಿನ್ನೆ ಹಾಗೆ ಕೇಳಬಾರದಿತ್ತು. ಹನ್ನೆರಡು ವರ್ಷದಿಂದ ಹಾಕ್ತಾ ಬಂದಿದೀಯ. ನೀನು ಯಾವತ್ತೂ ಬೇಕಂತ ಹಾಗೆ ಮಾಡಲ್ಲ. ನನಗೆ ಗೊತ್ತು," ಎಂದಳು.

ಗರಿಗರಿ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಸ್ವಿಚ್ಚು ಆರಿಸಿದ. ಕೆಲಸದ ಹೊತ್ತಿನಲ್ಲಿ ಅವನು ಹಾಗೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಬಾಗಿಲಲ್ಲಿದ್ದ ಹೆಂಡತಿ ಒಳಗೆ ಬಂದಳು. ಅವನು ಜೇಬಿನಿಂದ ಚೀಟಿ ತೆಗೆದು ಮಗುಚಿ ಅರ್ಜಿಯ ಮೇಲಿಟ್ಟ.

"ಇಲ್ಲಿದೆ ನೋಡು ನಿನ್ನ ನಂಬರು. ಹಿಂದಿನಿಂದ ಓದಬೇಕು."

ಹರಳು ನೋಡಿದಳು, ಅವನನ್ನು ನೋಡಿದಳು, ಮತ್ತೆ ಚೀಟಿ ನೋಡಿದಳು. "ಯಾವಾಗ ಸಿಕ್ತು?"

ಈಗ ತಾನೇ ಎಂದುಬಿಡಬಹುದಿತ್ತು. ಬಾಯಿಗೂ ಬಂದಿತ್ತು.

"ಹತ್ತೂ ಇಪ್ಪತ್ತಕ್ಕೆ," ಎಂದ. "ನಿನ್ನೆ ಬೇಕಂತ ಮಾಡಿದ್ದಲ್ಲ ಮಗಾ. ಇವತ್ತು ಹತ್ತೂ ಇಪ್ಪತ್ತರಿಂದ ಬೇಕಂತಲೇ ಸುಮ್ಮನಿದ್ದೆ."

ಹೆಂಡತಿ "ಅಯ್ಯೋ ನಿಮ್ಮ" ಎಂದು ಶುರು ಮಾಡಿದವಳು ಮಗಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ಹರಳಿನ ಕಣ್ಣು ತುಂಬಿತ್ತು. ಸಿಟ್ಟೋ ಸಂತೋಷವೋ ಅವಳಿಗೇ ತಿಳಿದಿತ್ತೋ ಇಲ್ಲವೋ. ಗರಿಗರಿ ಬೈಸಿಕೊಳ್ಳಲು ತಯಾರಾಗಿ ಕೈಕಟ್ಟಿ ನಿಂತ.

ಕೊನೆಗೆ ಅವಳು ಮೂಗೊರೆಸಿಕೊಂಡು, "ಓದು," ಎಂದಳು. ಫೋನು ತೆಗೆದು ಮೂಟೆಯ ಮೇಲೆ ಕೂತಳು.

ಅವನು ಚೀಟಿಯನ್ನು ಮುಟ್ಟದೆಯೇ ಹೇಳತೊಡಗಿದ. ಬಾಯಿಪಾಠವಿದೆ ಎಂದು ಅವಳಿಗೆ ಗೊತ್ತಾಯಿತು, ಒಂದೊಂದನ್ನೇ ಒತ್ತುತ್ತಾ ಹೋದಳು. ಐದನೆಯದಕ್ಕೆ ಬಂದಾಗ ಮಾತ್ರ ಚೀಟಿಯತ್ತ ಬಗ್ಗಿ, "ಇದು ಮೂರೇನಾ? ಎಂಟಿರಬಹುದಾ?" ಎಂದಳು. ಮಡಿಕೆ ಸರಿಯಾಗಿ ಅದರ ಮೇಲೇ ಹಾದುಹೋಗಿತ್ತು.

"ಮೂರು. ಒಂದು ಕಡೆ ಬಾಯಿ ಬಿಟ್ಟಿದೆ ನೋಡು. ಮೂರನೇ ನಂಬರ್ ಮನೆ ಪ್ಯಾಂಟು ಎಂಟನೇ ನಂಬರ್ ಮನೆಗೆ ಕೊಟ್ಟು ಆರು ತಿಂಗಳು ಬೈಸಿಕೊಂಡಿದೀನಿ, ನನಗೆ ಗೊತ್ತಿಲ್ವಾ."

ತಾಯಿ ಕಿಸಕ್ಕೆಂದಳು. ಹರಳು ನಗಲಿಲ್ಲ, ತುಟಿ ಮಾತ್ರ ಸ್ವಲ್ಪ ಸಡಿಲಾಯಿತು. ಉಳಿದ ಮೂರೂ ಅಂಕಿ ಹಾಕಿದಳು. ಫೋನು ಅರೆಗಳಿಗೆ ಯೋಚಿಸಿ, ಅವಳ ಹೆಸರು, ವಿಷಯ, ಊರು ಎಲ್ಲ ತೋರಿಸಿ, ಕೆಳಗೆ ಹಸಿರು ಗುಂಡಿಯೊಂದನ್ನು ತಂದು ನಿಲ್ಲಿಸಿತು. ಹರಳು ಅದನ್ನು ಒತ್ತಲಿಲ್ಲ. ಬೆರಳನ್ನು ಅದರ ಮೇಲೆ ಹಾಗೇ ಹಿಡಿದುಕೊಂಡು ತಲೆ ಎತ್ತಿದಳು.

"ಅಪ್ಪ?"

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅವನು ಆರಿದ ಟೀಯನ್ನೇ ಒಂದು ಗುಟುಕು ಕುಡಿದ.

"ಹೂಂ," ಎಂದ.

ಕೇಳಿಸಿತೋ ಇಲ್ಲವೋ ಎಂದು ಅನುಮಾನ ಬಂತು. ಇನ್ನೊಂದು ಸಲ, ಬಾಗಿಲಾಚೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ. ಹರಳು ಒತ್ತಿದಳು.

ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ ಊಟಕ್ಕಿಡಲು ಒಳಗೆ ಹೋದಳು. ಮೇಜಿನ ಮೇಲೆ ಕಾಲೇಜಿನ ಅರ್ಜಿ ಅಂಚು ಸುರುಳಿಯಾಗಿ ಬಿದ್ದಿತ್ತು. ಗರಿಗರಿ ಅದನ್ನು ಕೈಗೆತ್ತಿಕೊಂಡು ಎರಡು ಮಡಿಕೆ ಮಾಡಿದ. ನಾಲ್ಕು ಮಾಡಿದ. ಎಂಟು ಮಾಡಿ, ಮಡಿಕೆಯ ಮೇಲೆ ಹೆಬ್ಬೆರಳಿನ ಉಗುರನ್ನು ಬಲವಾಗಿ ಎಳೆದ. ಆಮೇಲೆ ಮಂಡಿಯೂರಿ, ಮೇಜನ್ನು ಒಂದು ಕೈಯಲ್ಲಿ ಎತ್ತಿ, ಗಿಡ್ಡ ಕಾಲಿನ ಕೆಳಗೆ ಅದನ್ನು ತುರುಕಿದ. ಎದ್ದು ಎರಡೂ ಕೈ ಊರಿ ಅಲ್ಲಾಡಿಸಿ ನೋಡಿದ. ಮೇಜು ಮಿಸುಕಲಿಲ್ಲ.

ಹರಳು ಮೂಟೆಯ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಎರಡು ದಿನದ ಪತ್ರಿಕೆ ಬಿದ್ದಿದ್ದವು. ಮೇಲಿನದನ್ನು ಎತ್ತಿಕೊಂಡಳು.

ಅವನು ಸ್ವಿಚ್ಚು ಹಾಕಿ, ನೀರು ಚಿಮುಕಿಸಿ, ಹತ್ತನೇ ಅಂಗಿಯನ್ನು ಹರಡಿದ.

"ನಿನ್ನೆದು ಬಾಕಿ ಇದೆ," ಎಂದ. "ನಿನ್ನೆದ್ರಿಂದ ಓದು."